ಸರಿಸಿದ ಹಂಚು

ಅವರ ಬೈತಲೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಏನಾದರೂ ವಿಚಾರ ಮಾಡುವಾಗ ಕೈಯಲ್ಲಿದ್ದ ಸೀಮೆಸುಣ್ಣದ ಕಡ್ಡಿಯಿಂದಲೇ ತಲೆ ಕೆರೆದುಕೊಳ್ಳುವ ರೂಢಿ ಅವರಿಗೆ. ಊರಿನವರು ಅದನ್ನು ನೋಡಿದ್ದರೋ ಇಲ್ಲವೋ, ನನಗೆ ಮೊದಲು ಕಂಡದ್ದೇ ಅದು. ಯಾಕೆಂದರೆ ನಾನು ಅವರನ್ನು ಮೊದಲು ನೋಡಿದ್ದು ಮೇಲಿನಿಂದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೀಪಾವಳಿ ಆದ ಮೇಲೆ, ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೊಸ ಹಂಚು ಹೊದಿಸುವ ಕೆಲಸ ಹಿಡಿದಿದ್ದೆ. ಅವರು ಅಲ್ಲಿಯ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ ದೊಡ್ಡಕ್ಕೋರು.

ನನ್ನ ಕಸಬಿನ ಬಗ್ಗೆ ನನಗೆ ಸೊಕ್ಕಿತ್ತು, ಈಗಲೂ ಇದೆ. ಹಾನಗಲ್ಲಿನಿಂದ ರಟ್ಟೀಹಳ್ಳಿಯವರೆಗೆ ನಾನು ಹೊದಿಸಿದ ಒಂದು ಚಾವಣಿಯೂ ಸೋರಿದ್ದಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಹಂಚು ಹೊತ್ತವನು ನಾನು. ಅಕ್ಷರ ಬಿಡಿಬಿಡಿಯಾಗಿ ಗುರುತು ಸಿಗುತ್ತಿದ್ದವು, ಒತ್ತಕ್ಷರ ಬಂತೆಂದರೆ ಅಲ್ಲಿಗೆ ಮುಗಿಯಿತು. ಆದರೂ ಅಂಗಿಯ ಕಿಸೆಯಲ್ಲಿ ಮಡಚಿದ ಪೇಪರು ಇರಲೇಬೇಕು. ಚಹಾದಂಗಡಿಯಲ್ಲಿ ಅದನ್ನು ಬಿಡಿಸಿ ಹಿಡಿದು, ಸ್ವಲ್ಪ ಹೊತ್ತಿಗೊಮ್ಮೆ ಹಾಳೆ ತಿರುವುತ್ತಿದ್ದೆ. ನನಗೆ ಓದಲು ಬರುವುದಿಲ್ಲವೆಂದು ಯಾರಿಗೂ ಗೊತ್ತಾಗಬಾರದಿತ್ತು.

ಶನಿವಾರ ಮುಂಜಾನೆಯ ಶಾಲೆ. ಕೊನೆಯ ತಾಸಿನಲ್ಲಿ ದೊಡ್ಡಕ್ಕೋರು ಹುಡುಗಿಯರಿಗೆ ಕಥೆ ಹೇಳುತ್ತಿದ್ದರು, ತಾವೇ ಕಟ್ಟಿದ್ದು, ವಾರಕ್ಕೊಂದು ತುಂಡು. ಹೇಳುವಾಗ ಕೂಡುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಇರುವುದು. "ನಾ ಕುಂತ್ರ ಕಥಿನೂ ಕುಂದ್ರತೈತಿ" ಎನ್ನುತ್ತಿದ್ದರು.

ಆ ಕಥೆಯೊಳಗೆ, ಕೆರೆಯ ತಳದಲ್ಲಿ ಒಂದು ಮಂತ್ರದ ಶಾಲೆ. ಅಲ್ಲಿಯ ಹುಡುಗಿಯರು ರೊಟ್ಟಿಯನ್ನು ಪಾತರಗಿತ್ತಿ ಮಾಡಿ ಹಾರಿಸುತ್ತಾರೆ, ಮೀನುಗಳಿಂದ ಮಗ್ಗಿ ಹೇಳಿಸುತ್ತಾರೆ. ಆದರೆ ಆ ಶಾಲೆಯ ದೊಡ್ಡಕ್ಕನಿಗೆ ಒಂದು ಮಂತ್ರವೂ ಬರುವುದಿಲ್ಲ. ಕಸ ಹೊಡೆಯಲು ಬಂದವಳು, ಹಳೆಯ ಗುರು ಒಂದು ದಿನ ಮಾಯವಾದಾಗ ಅವನ ಬೆತ್ತ ಹಿಡಿದು ಖುರ್ಚಿಯ ಮೇಲೆ ಕೂತುಬಿಟ್ಟವಳು. ಯಾರಾದರೂ ಮಂತ್ರ ಹೇಳಿಕೊಡಿ ಎಂದರೆ, "ನಾ ಮಾಡಿದ್ರ ನೀ ಏನ್ ಕಲ್ತಂಗಾತು? ನೀನ ಮಾಡು, ನೋಡೂಣು" ಎನ್ನುತ್ತಾಳೆ. ಹುಡುಗಿಯರು ಮಾಡಿಯೇಬಿಡುತ್ತಾರೆ. ಈಗ ತಪಾಸಣೆಗೆ ಸಾಹೇಬರು ಬರುವವರಿದ್ದಾರೆ. ಅವರ ಮುಂದೆ ಆಕೆ ತಾನೇ ಹಾರಿ ತೋರಿಸಬೇಕು.

ಮೇಲೆ ನನ್ನ ಕೈ ನಿಂತಿತು. "ಮಿಸ್ತ್ರಿ, ಸಪ್ಪಳ ಯಾಕ ನಿಂತು? ಊಟದ ಹೊತ್ತು ಇನ್ನೂ ಆಗಿಲ್ಲ" ಎಂದು ದೊಡ್ಡಕ್ಕೋರು ಕೆಳಗಿನಿಂದ ಕೂಗಿದರು. ಹುಡುಗಿಯರು ನಕ್ಕರು. ನಾನು ಸುಮ್ಮನೆ ಮರದ ಪಟ್ಟಿಯ ಮೇಲೆ ಸುತ್ತಿಗೆ ಬಡಿದೆ.

ಆ ವಾರವೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಕೆ ಹಾರಿದಳೋ, ಸಿಕ್ಕಿಬಿದ್ದಳೋ? ಎಂಟು ದಿನದ ಕೆಲಸವನ್ನು ಹದಿನೈದು ದಿನ ಎಳೆದೆ. ಆಮೇಲೆ ಎಳೆಯಲು ಹಂಚೇ ಉಳಿಯಲಿಲ್ಲ. ಸುಮ್ಮನೆ ಹೋಗಿ ಕೂತರೆ, ಮೀಸೆ ಬಂದವನು ಕಥೆ ಕೇಳಲು ಬಂದ ಎಂದು ಊರು ಆಡಿಕೊಳ್ಳುತ್ತದೆ. ಕೊನೆಯ ದಿನ ಇಳಿಯುವ ಮುಂಚೆ ಕಸಬಿನವನು ಮಾಡಬಾರದ ಕೆಲಸ ಮಾಡಿದೆ. ಅವರ ಖೋಲಿಯ ಮೇಲಿನ ಒಂದು ಹಂಚನ್ನು ನಾಲ್ಕು ಬೆರಳಿನಷ್ಟು ಸರಿಸಿ ಬಂದೆ. ಸಂದಿಯಿಂದ ಒಳಗೆ ಬಿಸಿಲು ಬಿದ್ದರೆ ಹೇಳಿಕಳಿಸುತ್ತಾರೆ, ಶನಿವಾರವೇ ಹೋದರಾಯಿತು ಎಂಬ ಉಪಾಯ.

ಬಿಸಿಲು ಬೀಳಲಿಲ್ಲ. ಗುರುವಾರ, ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು.

ಶನಿವಾರ ಹೋದಾಗ ಮೇಜಿನ ಮೇಲೆ ಒಂದು ನೋಟುಪುಸ್ತಕ ಬಿಚ್ಚಿಟ್ಟಿತ್ತು. ಅವರು ಮೂರು ವರ್ಷ ಬರೆದ ಕಥೆ. ಹಾಳೆಯ ತುಂಬ ಬರೀ ನೀಲಿ ಕಲೆ. ಅವರು ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದು ಜಾರಿದ ಹಂಚಲ್ಲ, ಮಿಸ್ತ್ರಿ. ಸರಿಸಿದ್ದು."

ಬೈದಿದ್ದರೆ ನಾನೂ ತಿರುಗಿ ಮಾತಾಡಿ ಹೋಗುತ್ತಿದ್ದೆ. ಬೈಯಲಿಲ್ಲ. ಕಥೆ ಕೇಳುವ ಆಸೆಗೆ ಹೀಗೆ ಮಾಡಿದೆ ಎಂದು ಒಪ್ಪಿಕೊಂಡೆ. ಅವರು ಬೈತಲೆ ಕೆರೆದುಕೊಂಡರು.

"ಕೆಡಿಸಿದಾವನ ಬರೀಬೇಕು. ಶನಿವಾರಕ್ಕೊಮ್ಮೆ ಬಾ. ನಾ ಮೊದಲಿಂದ ಹೇಳ್ತೇನಿ, ನೀ ಬರಿ."

ಚಷ್ಮಾ ತಂದಿಲ್ರಿ ಎಂದುಬಿಟ್ಟೆ, ಇಪ್ಪತ್ತನಾಲ್ಕರ ವಯಸ್ಸಿಗೆ. ಅವರು ನಗಲಿಲ್ಲ, ಬರುವ ವಾರ ತಾ ಎಂದರು. ಹಿರೇಕೆರೂರಿನ ಸಂತೆಯಲ್ಲಿ ಯಾರದೋ ಹಳೆಯ ಚಷ್ಮಾ ಕೊಂಡೆ. ಹಾಕಿಕೊಂಡರೆ ನೆಲವೇ ಮೇಲೆದ್ದು ಬಂದಂತಾಗುತ್ತಿತ್ತು.

ಹಿಂದಿನ ಮಣೆಯ ಮೇಲೆ ಮೊಣಕಾಲು ಮಡಚಿ ಕೂತು ಬರೆದೆ. ನಾನು ಹೋಗುವ ಹೊತ್ತಿಗೆ ಕರಿಹಲಗೆಯ ಮೇಲೆ ಅವತ್ತಿನ ಕಥೆಯ ಬಿಗಿಯಾದ ಶಬ್ದಗಳೆಲ್ಲ ಒತ್ತು ಸಮೇತ ದೊಡ್ಡದಾಗಿ ಬರೆದಿರುತ್ತಿದ್ದವು. ಅವು ಹುಡುಗಿಯರಿಗೆ ಎಂದು ತಿಳಿದು, ಚಷ್ಮಾದ ಮೇಲಿನಿಂದ ಕದ್ದು ನೋಡಿ ಬರೆದುಕೊಳ್ಳುತ್ತಿದ್ದೆ. ಮುಂದೆ ಕೂಡುತ್ತಿದ್ದ ಒಬ್ಬ ಹುಡುಗಿ ತಾನು ಬರೆದ ಪಾಟಿಯನ್ನು ಯಾವಾಗಲೂ ನನ್ನ ಕಡೆಗೇ ತಿರುಗಿಸಿ ಇಡುತ್ತಿದ್ದಳು. ಎಂಥ ಅಡ್ಡಾದಿಡ್ಡಿ ಹುಡುಗಿ ಎಂದುಕೊಂಡು ಅದನ್ನೂ ನೋಡಿ ಬರೆದೆ. ನನ್ನ ಚಾಲಾಕಿಗೆ ನಾನೇ ಮೆಚ್ಚಿಕೊಂಡಿದ್ದೆ.

ಬೇಸಿಗೆ ಸೂಟಿ ಬರುವ ಹೊತ್ತಿಗೆ ಕಥೆಯಲ್ಲಿ ಸಾಹೇಬರು ಕೆರೆಯ ಮೆಟ್ಟಿಲು ಇಳಿಯುತ್ತಿದ್ದರು. ಅಷ್ಟರಲ್ಲಿ ದೊಡ್ಡಕ್ಕೋರಿಗೆ ಶಿಗ್ಗಾಂವಿಯ ಕಡೆಗೆ ವರ್ಗವಾಯಿತು. ಅವರ ಟ್ರಂಕನ್ನು ಬಸ್ಸಿನ ಮೇಲೆ ನಾನೇ ಹಾಕಿದೆ. ನಾನು ಬರೆದ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ತಡೆಯಲಾಗದೆ ಕೇಳಿದೆ, "ಸಾಹೇಬ್ರ ಮುಂದ ಆಕಿ ಸಿಕ್ಕಬಿದ್ಲೇನ್ರಿ? ಆಕಿಗೆ ಮಂತ್ರ ಬರೂದಿಲ್ಲಂತ ಹುಡುಗ್ಯಾರಿಗೆ ಗೊತ್ತಾತೇನ್ರಿ?"

ಅವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಹುಡುಗ್ಯಾರಿಗೆ ಮೊದಲನೇ ದಿನಾನ ಗೊತ್ತಿತ್ತು, ತಮ್ಮಾ. ಯಾರೂ ಬಾಯಿ ಬಿಡ್ಲಿಲ್ಲ, ಅಷ್ಟ."

ಬಸ್ಸು ಹೋಗಿ ಧೂಳು ಕೂತ ಮೇಲೆ ನನ್ನ ಕಿವಿ ಬಿಸಿಯಾದವು. ಕರಿಹಲಗೆ, ಪಾಟಿ, ಸಂತೆಯ ಚಷ್ಮಾ ಎಲ್ಲ ಒಟ್ಟಿಗೇ ನೆನಪಾದವು. ನಾಚಿಕೆ ಸಿಟ್ಟಾಯಿತು, ಸಿಟ್ಟು ಬಹಳ ವರ್ಷ ಇಳಿಯಲಿಲ್ಲ. ಶಿಗ್ಗಾಂವಿಯ ಕಡೆ ಕೆಲಸಕ್ಕೆ ಹೋದಾಗ ಎರಡು ಸಲ ಅವರ ಶಾಲೆಯ ಬಾಗಿಲತನಕ ಹೋಗಿ ತಿರುಗಿ ಬಂದೆ. ನನ್ನ ಗುಟ್ಟು ಬಲ್ಲವರ ಮುಂದೆ ಹೇಗೆ ನಿಲ್ಲುವುದು?

ಎಂಬತ್ತರ ದಶಕದ ನಡುವೆ ಒಂದು ದಿನ ಚಹಾದಂಗಡಿಯಲ್ಲಿ ಪೇಪರು ಓದುತ್ತಿದ್ದೆ. ಆಗ ನಿಜವಾಗಿಯೂ ಓದುತ್ತಿದ್ದೆ. ಒಳಪುಟದಲ್ಲಿ ಅವರ ಫೋಟೋ, ಕೆಳಗೆ ಶ್ರದ್ಧಾಂಜಲಿಯ ನಾಲ್ಕು ಸಾಲು. ಒಂದು ಒತ್ತಕ್ಷರಕ್ಕೂ ತಡವರಿಸದೆ ಓದಿದೆ. ಆ ಗಳಿಗೆಗೆ, ಓದಲು ಬರದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವರ ತವರು ಸವಣೂರು. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಅವತ್ತೇ ಹೋದೆ. ಬಾಗಿಲಲ್ಲಿ ಅವರ ತಂಗಿ ನಿಂತಿದ್ದರು. ಯಾರ್ರಿ ನೀವು ಎಂದು ಕೇಳಿದರು. ಹಂಚಿನ ಮಿಸ್ತ್ರಿ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ.

"ಅಕ್ಕೋರ ಸಾಲ್ಯಾಗ ಕಲ್ತಾವ್ರಿ" ಎಂದೆ.

ಅವರು ನನ್ನ ಮೀಸೆ ನೋಡಿದರು. "ಅದು ಹೆಣ್ಣಮಕ್ಕಳ ಸಾಲಿ ಅಲ್ರಿ?"

"ಹೌದ್ರಿ. ಅಲ್ಲೇ ಕಲ್ತೇನಿ."