ಎಂಬತ್ತೊಂದನೇ ಪುಟದ ಡೆಟ್ಲೆಫ್

ನಮ್ಮ ಉಕ್ಕಿನ ಕಾರ್ಖಾನೆಯ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರ ಪರವಾಗಿ ಕೂರುವವನು ಡೆಟ್ಲೆಫ್. ಕೂರುವುದರಲ್ಲಿ ಅವನನ್ನು ಮೀರಿಸುವವರು ಇಡೀ ಜರ್ಮನಿಯಲ್ಲಿಲ್ಲ. ಸಭೆಗೆ ತನ್ನ ಮದುವೆಯ ಟೈ ಕಟ್ಟಿಕೊಂಡು ಹೋಗುತ್ತಾನೆ, ಅಲ್ಲಿನ ಬಿಸ್ಕತ್ತು ಜೇಬಿಗಿಳಿಸಿ ತಂದು ಕ್ಯಾಂಟೀನಿನಲ್ಲಿ ನಮಗೆ ಹಂಚುತ್ತಾನೆ. ವಾರ್ಷಿಕ ವರದಿ ಬಂದರಂತೂ ಊಟ ಬಿಟ್ಟು ನೌಕರರ ಅಧ್ಯಾಯ ಓದುತ್ತಾನೆ. "ನೋಡ್ರಪ್ಪ, ನೌಕರರೇ ನಮ್ಮ ಆಸ್ತಿ ಅಂತ ಬರ್ಸಿದ್ದೀನಿ!" "ಆಸ್ತೀನಾ? ಯಾವಾಗ ಮಾರ್ತಾರಂತೆ?" ಎಂದು ನಾನು ಸೂಪು ಬಡಿಸುತ್ತಾ ಕೇಳುತ್ತೇನೆ. "ಕಾನೂನು ಕಣಮ್ಮ ಗೆರ್ಲಿಂಡೆ, ಎಲ್ಲಾ ಬರೀಲೇಬೇಕು!" ತರಬೇತಿಯ ಗಂಟೆ, ಹೆಂಗಸರ ಸಂಖ್ಯೆ, ಸೈಕಲ್ ನಿಲ್ಲಿಸುವ ಜಾಗ, ಎಲ್ಲವೂ ಅವನದೇ ಗೆಲುವು. ಹೋದ ವರ್ಷ ನನ್ನ ಗಂಡ ಎಗೋನ್ ಕಾರ್ಖಾನೆಯಲ್ಲಿ ಉಕ್ಕು ಹಾಳೆ ಮಾಡುವ ರೋಲರಿಗೆ ಸಿಕ್ಕಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಸತ್ತ. ಸತ್ತದ್ದು ಕಾರ್ಖಾನೆಯಲ್ಲಲ್ಲವಲ್ಲ ಎಂದು, ಅಪಘಾತದಲ್ಲಿ ಸತ್ತವರು ಸೊನ್ನೆ ಎಂದೇ ಆಡಳಿತದವರು ವರದಿಯ ಕರಡಿನಲ್ಲಿ ಬರೆದಿದ್ದರಂತೆ. ಆ ಕರಡು ಮಂಡಳಿಯ ಸಭೆಗೆ ಬಂದ ದಿನವೂ ಡೆಟ್ಲೆಫ್ ಕೂತೇ ಇದ್ದ. ಅಂಕಿ ತಿದ್ದುವವರೆಗೆ ಅವನೂ ಅವನ ಕಡೆಯ ಸದಸ್ಯರೂ ವರದಿಯ ಒಪ್ಪಿಗೆಗೆ ಕೈ ಎತ್ತಲಿಲ್ಲ. ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು. ಈ ಸಲದ ವರದಿಯನ್ನು ಅವನು ಕ್ಯಾಂಟೀನಿನಲ್ಲಿ ಓದಲಿಲ್ಲ. ಎಂಬತ್ತೊಂದನೇ ಪುಟ ಮಡಚಿ, ನನ್ನ ಸೂಪಿನ ಪಾತ್ರೆಯ ಪಕ್ಕ ಇಟ್ಟು ಹೋದ. ಅಲ್ಲಿ 'ಒಂದು' ಎಂದಿತ್ತು. ಹೆಸರಿರಲಿಲ್ಲ. ಪೆನ್ಸಿಲಿನಲ್ಲಿ ನಾನೇ ಬರೆದುಕೊಂಡೆ.