ಒಂದೇ ಥರದ ಐದು ಬಾಟಲಿ

ಬಾಡಿಗೆ ಮನೆಗಳ ಬಚ್ಚಲು ತೊಳೆಯುವವಳಿಗೆ ಜನರ ಬಗ್ಗೆ ತಿಳಿಯುವಷ್ಟು ಚರ್ಚಿನ ಪಾದ್ರಿಗೂ ತಿಳಿಯುವುದಿಲ್ಲ ಎಂಬುದು ಸೈಮಾ ಹೆಯ್ಕಿನೆನ್‌ಳ ನಂಬಿಕೆ. ಅರವತ್ತೇಳರ ಈ ಹೆಂಗಸು ಸುಪೀರಿಯರ್ ಸರೋವರದ ದಂಡೆಯ ಹನ್ನೊಂದು ರಜಾಮನೆಗಳನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಹಳೆಯ ಅತಿಥಿಗಳು ಹೊರಡುತ್ತಾರೆ, ಸಂಜೆ ನಾಲ್ಕಕ್ಕೆ ಹೊಸಬರು ಬರುತ್ತಾರೆ. ನಡುವಿನ ಐದು ಗಂಟೆಯಲ್ಲಿ ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಯಾರೂ ಮುಟ್ಟೇ ಇಲ್ಲವೇನೋ ಅನ್ನುವಂತೆ ಆಗಿರಬೇಕು. ಅವಳ ಜೊತೆಗೆ ಗಂಡ ರೈನೊ ಬರುತ್ತಿದ್ದ. ನಲವತ್ತು ವರ್ಷ ಪ್ಲಂಬರ್ ಆಗಿದ್ದವನು. ಆ ದಂಡೆಯ ಅರ್ಧ ಮನೆಗಳ ಪೈಪು ಅವನ ಕೈಯದು.

ಈ ರೈನೊನ ನೆನಪು ಸಡಿಲವಾಗುತ್ತಿದೆ ಎಂಬುದು ಸೈಮಾಗೆ ಒಂದು ವರ್ಷದಿಂದ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ಅವಳು ಬಿಟ್ಟಿರಲಿಲ್ಲ. ಪೇಟೆಗೆ ಹೋದವನು ತನ್ನ ಪುಟ್ಟ ಲಾರಿ ನಿಲ್ಲಿಸಿದ ಜಾಗ ಮರೆತು ನಡೆದೇ ಮನೆಗೆ ಬಂದಾಗ, ವ್ಯಾಯಾಮ ಒಳ್ಳೆಯದು ಎಂದು ಪಕ್ಕದ ಮನೆಯವರ ಎದುರು ನಕ್ಕಿದ್ದಳು. ಡಾಕ್ಟರ ಬಳಿ ಕರೆದುಕೊಂಡು ಹೋಗಿರಲಿಲ್ಲ. ಡಾಕ್ಟರು ಒಂದು ಹೆಸರು ಹೇಳುತ್ತಾರೆ, ಆ ಹೆಸರು ಊರೆಲ್ಲ ಸುತ್ತುತ್ತದೆ, ಆಮೇಲೆ ಇವನ ಕೈಗೆ ಪಾನಾ ಕೊಡುವವರು ಯಾರು? ಕೆಲಸವಿಲ್ಲದ ರೈನೊನನ್ನು ಅವಳು ಒಂದೇ ಒಂದು ಸಲ ನೋಡಿದ್ದಳು, ಸೊಂಟ ಮುರಿದುಕೊಂಡಿದ್ದ ಚಳಿಗಾಲದಲ್ಲಿ. ಕಿಟಕಿಯ ಬಳಿ ಕೂತು ಮೂರು ತಿಂಗಳು ಮಾತೇ ಆಡಿರಲಿಲ್ಲ. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಏಪ್ರಿಲ್‌ನಲ್ಲಿ ಡೀನಾ ವಿಟ್ಲಾಕ್ ಫೋನ್ ಮಾಡಿದಳು. ಶಿಕಾಗೋದವಳು, ಬಂಡೆಗಳ ಮೇಲಿನ ಮನೆಯನ್ನು ಎರಡು ವರ್ಷದ ಹಿಂದೆ ಕೊಂಡವಳು. ಬಚ್ಚಲನ್ನು ಪೂರ್ತಿ ಹೊಸದು ಮಾಡಬೇಕು, ತನಗೆ ಬರಲಾಗುವುದಿಲ್ಲ, ಸೈಮಾ ಅಂಗಡಿಗೆ ಹೋಗಿ ಫೋನಿನಲ್ಲಿ ಒಂದೊಂದಾಗಿ ತೋರಿಸಿದರೆ ಸಾಕು ಎಂದಳು. ಹೀಗೆ ಗಂಡ ಹೆಂಡತಿ ಒಂದು ಮಧ್ಯಾಹ್ನವಿಡೀ ನಲ್ಲಿಗಳ ನಡುವೆ ಓಡಾಡಿದರು. ಸೈಮಾ ಬೆಳ್ಳಿ ಬಣ್ಣದ ನಲ್ಲಿ ತೋರಿಸಿದಳು, ಡೀನಾ ಮೂಗು ಮುರಿದಳು. ಅವಳಿಗೆ ಕಪ್ಪು ಬೇಕಿತ್ತು. ಇಲ್ಲಿಯ ಬಾವಿ ನೀರಿನಲ್ಲಿ ಕಬ್ಬಿಣ ಜಾಸ್ತಿ, ಕಪ್ಪಿನ ಮೇಲೆ ವಾರದಲ್ಲಿ ಕಂದು ಕಲೆ ಕೂರುತ್ತದೆ ಎಂದರೆ, ಒರೆಸಿದರಾಯಿತಲ್ಲ ಎಂದಳು. ಒರೆಸುವ ಕೈ ಯಾರದೆಂದು ಸೈಮಾ ಕೇಳಲಿಲ್ಲ. ಸ್ನಾನದ ತೊಟ್ಟಿಯ ಪಕ್ಕ ವಯಸ್ಸಾದವರು ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ ಎಂದರೆ, ಆಸ್ಪತ್ರೆ ಥರ ಕಾಣುತ್ತದೆ ಎಂಬ ಉತ್ತರ ಬಂತು. ಟವೆಲು ಮಾತ್ರ ಸೈಮಾ ಹೇಳಿದ್ದೇ ಆಯಿತು: ಮೈಗೆ ಬಿಳಿ, ಮುಖದ ಬಣ್ಣ ಒರೆಸಿಕೊಳ್ಳಲು ಕಡುನೀಲಿ.

ರೈನೊ ಅಂದು ಹಬ್ಬದ ದಿನದಂತೆ ಇದ್ದ. ಒಂದೊಂದು ನಲ್ಲಿಯನ್ನೂ ಕೈಯಲ್ಲಿ ತೂಗಿ ನೋಡಿ, ಇದು ಹಿತ್ತಾಳೆ, ಇದು ಬರೀ ತಗಡು ಎಂದು ಅಂಗಡಿಯವನಿಗೇ ಪಾಠ ಹೇಳಿದ. ಅವನನ್ನು ನೋಡಿ ಸೈಮಾಳ ಹೊಟ್ಟೆ ತಣ್ಣಗಾಯಿತು.

ಮೇ ಮೊದಲ ವಾರ ಅವನು ಎಲ್ಲವನ್ನೂ ಕೂರಿಸಿದ. ಕೊನೆಯ ದಿನ ಸೈಮಾ ಕೈ ತೊಳೆಯಲು ಎಡಗಡೆ ತಿರುಗಿಸಿದರೆ ತಣ್ಣೀರು ಬಂತು, ಬಲಗಡೆ ಬಿಸಿ. ಬಿಸಿನೀರು ಎಡಕ್ಕೆ ಎಂಬುದು ಆ ದೇಶದಲ್ಲಿ ಕೂಸಿಗೂ ಗೊತ್ತು. ನಲ್ಲಿ ಬಂದ ಪೆಟ್ಟಿಗೆಯ ಚಿತ್ರದಲ್ಲೇ ತಪ್ಪಿತ್ತೇನೋ ಎಂದು ಅವನಿಗೆ ಹೇಳಿ ಅದಲು ಬದಲು ಮಾಡಿಸಿದಳು. ಆ ರಾತ್ರಿ ಮತ್ತೆ ಹಿಮ ಕಟ್ಟುವ ಸೂಚನೆ ಇದ್ದುದರಿಂದ, ಹೊಸ ಪೈಪಿನ ಬಾಗಿನಲ್ಲಿ ನೀರು ನಿಂತು ಒಡೆಯದಿರಲಿ ಎಂದು ಅದರೊಳಗೆ ನೀಲಿ ದ್ರಾವಣ ಸುರಿದ. ಅದಕ್ಕೆಂದೇ ಬರುವ ಗುಲಾಬಿ ಬಣ್ಣದ್ದು ಬೇರೆಯಿದೆ, ಕುಡಿದರೂ ಸಾಯುವುದಿಲ್ಲವಂತೆ. ಆದರೆ ದಂಡೆಯ ಜನ ತಲೆತಲಾಂತರದಿಂದ ಸುರಿಯುವುದು ಕಾರಿನ ಗಾಜು ತೊಳೆಯುವ ನೀಲಿಯನ್ನೇ. ಅಗ್ಗ, ಎಲ್ಲರ ಕಾರಿನ ಶೆಡ್ಡಿನಲ್ಲೂ ನಾಲ್ಕು ಡಬ್ಬ ಇದ್ದೇ ಇರುತ್ತದೆ. ಅದು ವಿಷ, ಎರಡು ಗುಟುಕು ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಇನ್ನೂ ಹೋದರೆ ಜೀವ. ಇದೂ ಎಲ್ಲರಿಗೂ ಗೊತ್ತು. ಉಳಿದ ಡಬ್ಬವನ್ನು ರೈನೊ ಬೇಸಿನ್ ಕೆಳಗಿನ ಹೊಸ ಕಪಾಟಿನಲ್ಲಿಟ್ಟ. ಸೈಮಾ ನೋಡಿದಳು. ಮುಂದಿನ ಸಲ ಬಂದಾಗ ಹೊರಗೆ ಸಾಗಿಸಿದರಾಯಿತು ಅಂದುಕೊಂಡಳು.

ಮರುವಾರ ಡೀನಾಳಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಒಂದೇ ಅಳತೆಯ ಐದು ಗಾಜಿನ ಬಾಟಲಿ, ಮೇಲೆ ಒಂದಕ್ಷರವೂ ಇಲ್ಲ. ಶಾಂಪೂ, ಕೂದಲಿನ ಕ್ರೀಮು, ಮೈಸೋಪು, ಕೈಸೋಪು, ಬಾಯಿ ಮುಕ್ಕಳಿಸುವ ಪುದೀನ ನೀರು, ಎಲ್ಲವನ್ನೂ ಪ್ಲಾಸ್ಟಿಕ್ಕಿನಿಂದ ಇದಕ್ಕೆ ಸುರಿದು ಸಾಲಾಗಿ ಇಡಬೇಕಂತೆ. ಪುದೀನ ನೀರಿನ ಪಕ್ಕ ಪುಟ್ಟ ಕಾಗದದ ಲೋಟಗಳು.

"ಹೆಸರು ಬರ್ದು ಅಂಟಿಸ್ಲಾ?" ಎಂದು ಸೈಮಾ ಫೋನಿನಲ್ಲಿ ಕೇಳಿದಳು. "ಯಾವ್ದು ಯಾವ್ದು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ."

"ಅಯ್ಯೋ ಬೇಡ ಸೈಮಾ, ಔಷಧಿ ಅಂಗಡಿ ಥರ ಆಗುತ್ತೆ. ಬಣ್ಣ ನೋಡಿದ್ರೆ ಸಾಕು, ಬಿಳಿ ಕ್ರೀಮು, ನೀಲಿ ಬಾಯಿಗೆ. ಎಂಥ ದಡ್ಡನಿಗೂ ಗೊತ್ತಾಗುತ್ತೆ," ಎಂದಳು ಡೀನಾ.

ನೀಲಿ ಎಂದಾಗ ಸೈಮಾಗೆ ಏನೋ ಒಂದು ಇರಿಸುಮುರಿಸಾಯಿತು. ಏನೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು, ಮರೆತುಬಿಟ್ಟಳು.

ಜೂನ್ ಮೂರನೆಯ ಶನಿವಾರ ಆ ಮನೆಯದೂ ಇನ್ನೆರಡು ಮನೆಗಳದೂ ಕೆಲಸ ಒಟ್ಟಿಗೇ ಬಿತ್ತು. ಡೀನಾಳ ಮನೆಯಲ್ಲಿ ಸೈಮಾ ಹಾಸಿಗೆಯ ಚಾದರ ತೆಗೆಯುತ್ತಿದ್ದಳು. ರೈನೊ ಬಾಗಿಲಲ್ಲಿ ಬಂದು ನಿಂತು, ಏನು ಮಾಡಲಿ ಎಂದು ಮೂರನೆಯ ಸಲ ಕೇಳಿದ. ತಪ್ಪುವುದಕ್ಕೆ ಜಾಗವೇ ಇಲ್ಲದ ಕೆಲಸ ಯಾವುದಿದೆ ಎಂದು ಅವಳು ಯೋಚಿಸಿದಳು.

"ಬಚ್ಚಲಲ್ಲಿ ಬಾಟ್ಲಿ ಖಾಲಿಯಾಗಿದಾವೆ, ತುಂಬ್ಸಿಡು. ಬಕೆಟ್‌ನಲ್ಲಿ ಎಲ್ಲಾ ಇದೆ," ಎಂದಳು.

ಹೊರಡುವ ಮುಂಚೆ ಹೋಗಿ ನೋಡಿದಳು. ಐದೂ ಕತ್ತಿನ ತನಕ ತುಂಬಿದ್ದವು, ಸಾಲು ಒಂದು ಕೂದಲಷ್ಟೂ ಓರೆಯಿರಲಿಲ್ಲ. ಗಾಜಿನ ಮೇಲೆ ಒಂದು ಬೆರಳ ಗುರುತಿಲ್ಲ. ಕಿಟಕಿಯ ಬೆಳಕಿಗೆ ನೀಲಿ ತುಂಬ ಚಂದ ಕಾಣುತ್ತಿತ್ತು. ನನಗಿಂತ ಚೆನ್ನಾಗಿ ಮಾಡಿದ್ದೀಯ ಎಂದು ಅವನ ಬೆನ್ನು ತಟ್ಟಿದಳು. ಸಂಜೆ ಮನೆಯಲ್ಲಿ ಇಬ್ಬರೂ ಪ್ರತಿ ಶನಿವಾರದಂತೆ ಸೌನಾದ ಹಬೆಯಲ್ಲಿ ಕೂತು ಬೆವರಿದರು, ಸತ್ತವರಂತೆ ನಿದ್ದೆ ಹೋದರು.

ಭಾನುವಾರ ಬೆಳಗ್ಗೆ ಕಾಫಿ ಕುಡಿದು, ಏಲಕ್ಕಿ ಬ್ರೆಡ್ಡಿನ ತುಣುಕು ಬಾಯಲ್ಲಿರುವಾಗಲೇ ಸೈಮಾ ಬಕೆಟ್ಟನ್ನು ಜಗುಲಿಗೆ ತಂದು ಸಾಮಾನು ತೆಗೆದಿಟ್ಟಳು. ಶಾಂಪೂ ಅರ್ಧ ಆಗಿತ್ತು. ಕ್ರೀಮು ಅರ್ಧ. ಎರಡು ಸೋಪೂ ಅಷ್ಟೇ. ಪುದೀನ ನೀರಿನ ದೊಡ್ಡ ಬಾಟಲಿ ತುಂಬಿಯೇ ಇತ್ತು, ಮುಚ್ಚಳದ ಸೀಲು ಒಡೆದಿರಲಿಲ್ಲ.

ಆ ಬಾಟಲಿಯಲ್ಲಿದ್ದ ನೀಲಿ ಎಲ್ಲಿಂದ ಬಂತು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಬೇಸಿನ್ ಕೆಳಗಿನ ಕಪಾಟು, ಅದರಲ್ಲಿ ತಾನು ಸಾಗಿಸಲು ಮರೆತೇಬಿಟ್ಟಿದ್ದ ಡಬ್ಬ ಕಣ್ಣ ಮುಂದೆ ಬಂದು ನಿಂತವು.

ಬಂಡೆ ಮನೆಯಲ್ಲಿ ಫೋನು ಸಿಗುವುದಿಲ್ಲ. ಅದನ್ನೇ ಡೀನಾ ಜಾಹೀರಾತಿನಲ್ಲಿ ದೊಡ್ಡ ಸುಖವೆಂದು ಬರೆಸಿದ್ದಳು. ಸೈಮಾ ರೈನೊನನ್ನು ಎಳೆದು ಲಾರಿಗೆ ಹತ್ತಿಸಿದಳು, ಒಬ್ಬನನ್ನೇ ಮನೆಯಲ್ಲಿ ಬಿಡುವ ಧೈರ್ಯ ಆ ಹೊತ್ತಿಗೆ ಅವಳಿಗಿರಲಿಲ್ಲ. ಹದಿನಾಲ್ಕು ಮೈಲಿ ದಾರಿ. ಎಲ್ಲಿಗೆ, ಏಕೆ ಎಂದು ಅವನು ಕೇಳಿದ. ನಲ್ಲಿ ಸೋರುತ್ತಿದೆಯಂತೆ ಎಂದಳು. ಒಂದು ವರ್ಷದಿಂದ ಹೇಳುತ್ತಿದ್ದ ಸುಳ್ಳುಗಳ ಅಭ್ಯಾಸ ಅದು, ನಾಲಿಗೆ ತಾನಾಗಿ ಹೇಳಿತು.

ಅತಿಥಿ ಗ್ಲೆಂಡಾ ಪ್ರೂಯಿಟ್, ಐವತ್ತರ ಹೆಂಗಸು, ಹೊರಗೆ ಕುರ್ಚಿಯಲ್ಲಿ ಸರೋವರ ನೋಡುತ್ತ ಕೂತಿದ್ದಳು. ಬಚ್ಚಲಿನ ನೀಲಿ ಬಾಟಲಿಯನ್ನು ಯಾರಾದರೂ ಬಳಸಿದಿರಾ ಎಂದು ಸೈಮಾ ಕೇಳಿದಳು.

"ನಮ್ಮನೆಯವ್ರು ಮುಕ್ಕಳಿಸಿದ್ರು ರಾತ್ರಿ. ಥೂ, ಏನ್ ಕಹಿ ಅಂದ್ರು," ಎಂದಳು ಗ್ಲೆಂಡಾ. "ಯಾಕೆ?"

"ಎಲ್ಲಿದಾರೆ ಅವ್ರು?"

"ಇನ್ನೂ ಎದ್ದಿಲ್ಲ. ತಲೆ ಭಾರ ಅಂತಿದ್ರು."

ಸೈಮಾ ಕೇಳದೆ ಒಳಗೆ ನುಗ್ಗಿದಳು. ಮಲಗುವ ಕೋಣೆಯ ಪರದೆ ಎಳೆದಿತ್ತು. ನಿನ್ನೆ ತಾನೇ ಹಾಸಿದ್ದ ಹಾಸಿಗೆಯಲ್ಲಿ ಒಬ್ಬ ದೊಡ್ಡ ಗಂಡಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಲುಗಾಡಲಿಲ್ಲ. ಭುಜ ಹಿಡಿದು ಕುಲುಕಿದಳು, ಇನ್ನೊಮ್ಮೆ ಕುಲುಕಿದಳು. ಆಮೇಲೆ ಅವನು ಗೊರಕೆ ನಿಲ್ಲಿಸಿ ಕಣ್ಣು ಬಿಟ್ಟು, ಯಾರು ನೀವು ಎಂದ. ಎಷ್ಟು ಬೆರಳಿವೆ ಎಂದು ಅವಳು ಕೈ ಎತ್ತಿ ತೋರಿಸಿದಳು. ಮೂರು ಎಂದ ಅವನು, ಸಿಟ್ಟಿನಿಂದ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮಧ್ಯಾಹ್ನದವರೆಗೆ ಕೂರಿಸಿದರು. ಉಗುಳಿದ್ದರಿಂದ ಒಳಗೆ ಹೋಗಿಲ್ಲ, ತಲೆ ಭಾರ ರಾತ್ರಿಯ ಬಿಯರಿನದು, ಗುಟುಕು ನುಂಗಿದ್ದರೆ ಮಾತು ಬೇರೆ ಆಗುತ್ತಿತ್ತು ಎಂದರು ಡಾಕ್ಟರು. ಸೈಮಾ ಅಲ್ಲಿಂದಲೇ ಡೀನಾಗೆ ಫೋನ್ ಮಾಡಿ, ತಪ್ಪು ನಮ್ಮ ಕೈಯಿಂದಾಯಿತು ಎಂದಳು. ಮನೆಯ ಬಗ್ಗೆ ಅವರು ಇಂಟರ್ನೆಟ್ಟಿನಲ್ಲಿ ಏನಾದರೂ ಬರೆಯುತ್ತಾರಾ ಎಂದು ಕೇಳಿದಳು ಡೀನಾ. ಆ ಹೆಂಗಸಿಗೆ ಅದೇ ಮೊದಲು ಹೊಳೆದದ್ದು.

ಪ್ರೂಯಿಟ್ ದಂಪತಿಗಳು ಬೇರೆ ಕಡೆ ಹೋದರು. ಬಾಟಲಿಗಳನ್ನು ತೆಗೆಯಲು ಸೈಮಾ ರೈನೊನೊಂದಿಗೆ ಬಂಡೆ ಮನೆಗೆ ಮರಳಿದಳು. ಅವನು ಬಚ್ಚಲಿಗೆ ಹೋಗಿ ನೀಲಿ ಬಾಟಲಿ ಎತ್ತಿ, ಮುಚ್ಚಳ ತೆಗೆದು ಮೂಸಿದ. ಮುಖ ಬಿಗಿಯಿತು.

"ಗಾಜು ತೊಳಿಯೋದು ಇದು. ಯಾವ ಕತ್ತೆ ತುಂಬಿದ್ದು? ಜೀವ ಹೋಗಿರೋದು," ಎಂದ. "ಅವ್ನು ಯಾವನೇ ಆಗ್ಲಿ, ಇನ್ಮೇಲೆ ಮನೆ ಒಳಗೆ ಬಿಡ್ಬೇಡ ಸೈಮಾ."

ಅವಳು ತೊಟ್ಟಿಯ ಅಂಚಿನ ಮೇಲೆ ಕೂತಳು. ಇನ್ನೊಂದು ಸುಳ್ಳು ಬಾಯ ತನಕ ಬಂದಿತ್ತು. ಅದನ್ನು ನುಂಗಿದಳು.

"ತುಂಬಿದ್ದು ನೀನು, ರೈನೊ. ತುಂಬು ಅಂದಿದ್ದು ನಾನು."

ಅವನು ತಮಾಷೆಯೆಂದು ನಕ್ಕ. ಅವಳು ನಗಲಿಲ್ಲ. ಲಾರಿಯ ವಿಷಯ, ಬಿಸಿನೀರು ಬಲಕ್ಕೆ ಬಂದ ವಿಷಯ, ಮೊಮ್ಮಗಳ ಹೆಸರು ಮೂರು ಸಲ ಕೇಳಿದ ವಿಷಯ, ಒಂದೊಂದಾಗಿ ಹೇಳಿದಳು. ಒಂದು ವರ್ಷದಿಂದ ಗೊತ್ತು ಎಂದೂ ಹೇಳಿದಳು. ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

"ಗೊತ್ತಿದ್ದೂ ನನ್ನ ಕೈಗೆ ಕೊಟ್ಯಾ?" ಎಂದ ಕೊನೆಗೆ.

ರೈನೊ ಬಾಟಲಿಯನ್ನು ಅವಳ ಮಡಿಲಲ್ಲಿಟ್ಟು ಹೊರಗೆ ಹೋಗಿ ಲಾರಿಯಲ್ಲಿ ಕೂತ. ಯಾವಾಗಲೂ ತಾನೇ ಓಡಿಸಲು ಹಟ ಹಿಡಿಯುತ್ತಿದ್ದವನು ಈ ಸಲ ತಾನಾಗಿಯೇ ಪಕ್ಕದ ಸೀಟಿನಲ್ಲಿ ಕೂತಿದ್ದ.