ಹಡಗಿನಲ್ಲಿ ಬಂದ ಚಿಪ್ಪು

ರತ್ನ ಚಿಕ್ಕಮ್ಮ ಯಾರನ್ನೂ ಎರಡೂ ಕಣ್ಣು ಬಿಟ್ಟು ನೋಡಿದವರಲ್ಲ. ಜೀವಮಾನವಿಡೀ ಸೂಕ್ಷ್ಮದರ್ಶಕಕ್ಕೆ ಒಂದೇ ಕಣ್ಣು ಕೊಟ್ಟು ಅಭ್ಯಾಸವಾಗಿ, ಮೀನಂಗಡಿ ಎಂಬ ಊರಿನ ಪೇಟೆಯಲ್ಲಿ ಬಾಳೆಕಾಯಿ ಕೊಳ್ಳುವಾಗಲೂ ಎಡಗಣ್ಣು ಅರ್ಧ ಮುಚ್ಚಿಯೇ ವ್ಯಾಪಾರಿಯನ್ನು ದಿಟ್ಟಿಸುತ್ತಿದ್ದರು. ಅವನು ಕೊಳೆತದ್ದನ್ನು ತಾನಾಗಿಯೇ ತೆಗೆದು ಪಕ್ಕಕ್ಕಿಡುತ್ತಿದ್ದ.

ಕರಾವಳಿಯ ಒಂದು ಸಂಶೋಧನಾಲಯದಲ್ಲಿ ದುಡಿದು, ನಿವೃತ್ತರಾದ ಮೇಲೆ ಘಟ್ಟದ ಮೇಲಿನ ಈ ಊರಿಗೆ ಮರಳಿದ್ದರು. ಅವರಿಗೆ ಹೆಸರು ತಂದದ್ದು ಕಡಲ ಕೆಸರಿನ ಒಂದು ಒಂಟಿಕೋಶದ ಜೀವಿ. ಅದು ಸತ್ತರೂ ಮರಳಿನ ಕಣದಷ್ಟು ಚಿಪ್ಪು ಉಳಿಯುತ್ತದೆ. ಆ ಜೀವಿ ನಮ್ಮ ಕಡಲಿನದಲ್ಲ, ಹಡಗುಗಳು ಸಮತೋಲಕ್ಕೆಂದು ದೂರದ ಬಂದರುಗಳಲ್ಲಿ ತುಂಬಿಕೊಂಡು ತರುವ ನೀರಿನಲ್ಲಿ ಬಂದ ಪರಕೀಯ ಪ್ರಭೇದ ಎಂದು ಮೊದಲು ಬರೆದವರು ಚಿಕ್ಕಮ್ಮ. ಅದನ್ನು ಓದಿಯೇ ನಾನೂ ಈ ಕೆಲಸಕ್ಕೆ ಇಳಿದೆ.

ಆ ಕರಾವಳಿಯಲ್ಲಿ ಬಂದರು ಕಟ್ಟುವುದಕ್ಕೆ ಬಹಳ ಹಿಂದೆ ಕೂತ ಆಳದ ಕೆಸರಿನಲ್ಲಿ ನನಗೆ ಅದೇ ಚಿಪ್ಪು ಸಿಕ್ಕಿತು. ಹಡಗಿಗಿಂತ ಮೊದಲೇ ಇದ್ದದ್ದು ಹಡಗಿನಲ್ಲಿ ಬರುವುದು ಹೇಗೆ? ಚಿಕ್ಕಮ್ಮನ ಬದುಕಿನ ದೊಡ್ಡ ಮಾತೇ ಸುಳ್ಳಾಗುವುದಿತ್ತು. ಉಳಿದ ಕೆಸರನ್ನು ಡಬ್ಬಿಗೆ ಹಾಕಿಕೊಂಡು ಘಟ್ಟ ಹತ್ತಿದೆ.

ವಿಷಯ ಕೇಳಿ ಅವರು ಸಿಟ್ಟಾಗಲಿಲ್ಲ. ಮಗಳೇ ಎನ್ನುವುದನ್ನು ಎಂದಿನಂತೆ ಮಲಯಾಳದಲ್ಲೇ ಕರೆದರು.

"ನಿನ್ ಜರಡಿ ನಂಬಕಾಗಲ್ಲ ಮೋಳೆ. ಹಿಂದಿನ್ ಸಲದ ಚಿಪ್ಪು ತೂತಲ್ಲಿ ಸಿಕ್ಕಾಕೊಂಡಿರ್ತದೆ."

ಕೆಸರು ತೊಳೆದು ಚಿಪ್ಪು ಹಿಡಿಯುವ ತಮ್ಮ ಜರಡಿಯನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದಿದರು. ಎಂದೂ ತಪ್ಪಿಸದ ಪದ್ಧತಿ ಅದು. ಜರಡಿಯಲ್ಲಿ ಹಳೆಯ ಚಿಪ್ಪು ಉಳಿದಿದ್ದರೆ ನೀಲಿಯಾಗುತ್ತದೆ. ಆಮೇಲೆ ತೊಳೆದ ಕೆಸರಿನದು ಬಿಳಿಯಾಗಿಯೇ ಇರುತ್ತದೆ. ಅದರಲ್ಲಿ ನನ್ನ ಕೆಸರು ಹಾಕಿ ತೊಳೆಯತೊಡಗಿದರು. ನಾನು ಜರಡಿ ಹಿಡಿಯಲು ಹೋದರೆ, "ನೀ ಆಕಡೆ ನಿಲ್ಲು," ಎಂದರು.

ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ತಲೆ ಎತ್ತಲೇ ಇಲ್ಲ. ಒಳಗೆ ಗಂಜಿ ಉಕ್ಕಿ ಸುರಿಯಿತು, ಇಬ್ಬರೂ ಕದಲಲಿಲ್ಲ. ಸಿಕ್ಕುವ ಚಿಪ್ಪು ನೀಲಿಯಾಗಿರಲಪ್ಪ ಎಂದು ನಾನು ಕಂಡ ದೇವರನ್ನೆಲ್ಲ ಬೇಡಿಕೊಳ್ಳುತ್ತಿದ್ದೆ.

"ಬೆಳ್ಳಗಿದೆ," ಎಂದರು. "ಒಂದಲ್ಲ, ಬೇಕಾದಷ್ಟವೆ. ಇದು ನಮ್ ಕಡಲಿಂದೇ. ನೋಡ್ದೆ ಇದ್ದೋರು ನಾವು."

"ಇನ್ನೊಂದ್ ಸಲ ನೋಡಾಣ ಚಿಕ್ಕಮ್ಮ."

"ಎಷ್ಟ್ ಸಲ ನೋಡುದ್ರೂ ಬೆಳ್ಳಗೇ ಇರ್ತದೆ. ಬರಿ. ನನ್ ಹೆಸ್ರು ಹಾಕೇ ಬರಿ, ಇವ್ರು ಹೇಳಿದ್ದು ತಪ್ಪು ಅಂತ. ಯಾರೋ ಬರಿಯದಕ್ಕಿಂತ ನೀ ಬರುದ್ರೆ ನಂಗೆ ಶೆರಿ."

ಆಮೇಲೆ ಎದ್ದು ಒಲೆ ಒರೆಸಿದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ನಾನು ಬರೆದು ಮುಗಿಸುವ ಮೊದಲೇ ಚಿಕ್ಕಮ್ಮ ತೀರಿಕೊಂಡರು. ಮೀನಂಗಡಿಯ ಮನೆಗೆ ಬಂದಿದ್ದ ಅವರ ಹಳೆಯ ಸಹೋದ್ಯೋಗಿಗಳು, ಆ ಪರಕೀಯ ಜೀವಿಯನ್ನು ಮೊದಲು ಗುರುತಿಸಿದವರು ಇವರೇ ಎಂದು ನೆರೆಹೊರೆಯವರಿಗೆ ಹೊಗಳಿ ಹೇಳುತ್ತಿದ್ದರು. ನಾನು ಅಳುತ್ತಲೇ ಎದ್ದು ನಿಂತು, ಅದು ಪರಕೀಯವಲ್ಲ ಎಂದೆ.